ಹಸಿರು ಬಟ್ಟೆಯಾಚೆಯ ಅಯ್ಯೋ

ಸ್ಟೆನೋ ಅಕ್ಕನಿಗೆ ತನ್ನ ಆಪರೇಷನ್ನಿನಿಂದ ನೆನಪು ಉಳಿದದ್ದು ಒಂದೇ ಒಂದು ಮಾತು. ಅದನ್ನು ಮಾತು ಎನ್ನಬಹುದೇ ಎಂಬುದೇ ಮುಂದೆ ದೊಡ್ಡ ತಕರಾರಾಯಿತು, ಆ ಮಾತು ಬೇರೆ.

ಬಲಗೈಯನ್ನು ಪಕ್ಕದ ಹಲಗೆಯ ಮೇಲೆ ಚಾಚಿಸಿ, ಕೈಗೂ ಕಣ್ಣಿಗೂ ನಡುವೆ ಹಸಿರು ಬಟ್ಟೆ ಕಟ್ಟಿದ್ದರು. ಮಣಿಕಟ್ಟು ಮರಗಟ್ಟಲು ಒಂದು ಸೂಜಿ, ಮಂಪರು ಕವಿಯಲು ಇನ್ನೊಂದು. ಬಟ್ಟೆಯ ಆಚೆ ತನ್ನದೇ ಕೈ ಇದೆ, ಅದರ ಜೊತೆ ಯಾರೋ ಏನೋ ವ್ಯವಹಾರ ನಡೆಸಿದ್ದಾರೆ, ತನಗೆ ಮಾತ್ರ ಪ್ರವೇಶವಿಲ್ಲ ಎಂಬ ವಿಚಿತ್ರ ಭಾವನೆಯಲ್ಲಿ ಅವಳು ತೇಲುತ್ತಿದ್ದಳು. ಆಗ ಕೇಳಿಸಿತು:

“ಅಯ್ಯೋ!”

ಅಷ್ಟೇ. ಅದರ ಹಿಂದೆ ಏನಿತ್ತು, ಮುಂದೆ ಏನಾಯಿತು, ಒಂದೂ ತಿಳಿಯದು. ಎಚ್ಚರವಾದಾಗ ಕೈತುಂಬ ಬ್ಯಾಂಡೇಜು, ಕಿವಿತುಂಬ ಅಯ್ಯೋ.

ಬೇರೆಯವರಾಗಿದ್ದರೆ ಮರೆತು ಸುಮ್ಮನಾಗುತ್ತಿದ್ದರೇನೋ. ಆದರೆ ಅಕ್ಕನ ಕಿವಿ ಸಂಬಳ ತೆಗೆದುಕೊಂಡು ಕೇಳಿದ ಕಿವಿ. ಕೋರ್ಟಿನಲ್ಲಿ ಜಡ್ಜರ ಪೀಠದ ಕೆಳಗೆ ಕೂತು, ಸಾಕ್ಷಿಗಳು ಹೇಳಿದ್ದು, ವಕೀಲರು ಕೂಗಿದ್ದು, ಜಡ್ಜರು ಗೊಣಗಿದ್ದು ಎಲ್ಲವನ್ನೂ ಶಾರ್ಟ್‌ಹ್ಯಾಂಡಿನ ಗೀಟುಗಳಲ್ಲಿ ಹಿಡಿದಿಡುವುದು ಅವಳ ಕೆಲಸ. ಜಡ್ಜರಿಂದ ಹಿಡಿದು ಕ್ಯಾಂಟೀನಿನವನವರೆಗೆ ಎಲ್ಲರಿಗೂ ಅವಳು ಸ್ಟೆನೋ ಅಕ್ಕ. ಯಾರಾದರೂ ಓಟಕ್ಕೆ ಬಿದ್ದವರಂತೆ ಮಾತಾಡಿದರೆ ಅವಳ ಬಲಗೈ ಬರೆಯುತ್ತಲೇ ಇರುತ್ತಿತ್ತು, ಎಡಗೈ ಮಾತ್ರ ಅಂಗೈ ತೋರಿಸುತ್ತ ಮೇಲೇಳುತ್ತಿತ್ತು. ಎದ್ದ ಕೂಡಲೇ ಇಡೀ ಕೋರ್ಟು ನಿಲ್ಲಬೇಕು. ಕೊಲೆ ಆರೋಪಿಯೂ ನಿಂತದ್ದುಂಟು. ಬಿಟ್ಟುಹೋದ ಮಾತುಗಳನ್ನು ಬರೆದು ಮುಗಿಸಿ, ಕೈ ಇಳಿಸಿ, ಅವಳು “ಮುಂದುವರೀಲಿ” ಎಂದ ಮೇಲೆಯೇ ನ್ಯಾಯ ಮತ್ತೆ ನಡೆಯಲು ಶುರು.

ಈ ಚಟ ಮನೆಗೂ ಬಂದಿತ್ತು. ತಂಗಿ ಫೋನಿನಲ್ಲಿ ಗಡಿಬಿಡಿಯಿಂದ ಏನಾದರೂ ಹೇಳತೊಡಗಿದರೆ ಅಕ್ಕನ ಎಡಗೈ ಗಾಳಿಯಲ್ಲಿ ಏಳುತ್ತಿತ್ತು.

“ಫೋನಿಗೆ ಕಾಣುತ್ತೇನೆ ಅದು?” ಎಂದು ಗಂಡ ನಗುತ್ತಿದ್ದರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಅವರನ್ನು ಬೀದಿಯೆಲ್ಲ ಮೇಷ್ಟ್ರು ಎನ್ನುತ್ತಿತ್ತು.

ಇಷ್ಟೆಲ್ಲ ಬರೆದ ಅಕ್ಕ ಬರೆಯದೆ ಬಿಟ್ಟದ್ದೂ ಇತ್ತು. ಕೆಮ್ಮು, ಬಿಕ್ಕಳಿಕೆ, ಅಳು, ಅಯ್ಯೋ. ಎದೆ ಬಡಿದುಕೊಂಡು “ಅಯ್ಯೋ ನನ್ನ ಮನೆ ಹೋಯ್ತಲ್ಲಾ” ಎಂದವರ ಸಾಕ್ಷ್ಯದಲ್ಲಿ “ನನ್ನ ಮನೆ ಹೋಯಿತು” ಎಂದಷ್ಟೇ ಉಳಿಯುತ್ತಿತ್ತು. ತೀರಾ ಹೆಚ್ಚಾದರೆ ಜಡ್ಜರು “ಸಾಕ್ಷಿಯು ದುಃಖಿತರಾದರು” ಎಂದು ಬರೆಸುತ್ತಿದ್ದರು. ಅಯ್ಯೋಗೆ ಅವಳ ಶಾರ್ಟ್‌ಹ್ಯಾಂಡಿನಲ್ಲಿ ಒಂದು ಗೀಟೂ ಇರಲಿಲ್ಲ. ಬಿಟ್ಟುಬಿಟ್ಟ ಅಷ್ಟೂ ಅಯ್ಯೋಗಳ ಪರವಾಗಿ ಈ ಒಂದು ಬಂದು ಕಿವಿಯಲ್ಲಿ ಠಿಕಾಣಿ ಹೂಡಿದಂತಿತ್ತು.

ಆಪರೇಷನ್ ಮಾಡಿದ್ದು ಮಣಿಕಟ್ಟಿನಲ್ಲಿ ನರ ಒತ್ತಿಹೋಗಿ ಬೆರಳುಗಳು ಜುಮುಗುಡುತ್ತಿದ್ದವು ಎಂಬ ಕಾರಣಕ್ಕೆ. ಜುಮುಜುಮು ಹೋಯಿತು, ಸುಳ್ಳು ಹೇಳಬಾರದು. ಆದರೆ ಅದರ ಜೊತೆ ಹೆಬ್ಬೆರಳೂ ಹೋಯಿತು. ಇತ್ತು, ಇದ್ದ ಜಾಗದಲ್ಲೇ ಇತ್ತು. ಉಳಿದ ಬೆರಳುಗಳ ಕಡೆಗೆ ಮಾತ್ರ ಬರಲೊಲ್ಲದು. ಜಗಳವಾಡಿ ಬೇರೆ ಮನೆ ಮಾಡಿದ ಮೈದುನನಂತೆ ಪಕ್ಕದಲ್ಲೇ ಇದ್ದೂ ಮುಖ ತಿರುಗಿಸಿಕೊಂಡಿತ್ತು. ಪೆನ್ನು ಹಿಡಿದರೆ ಜಾರುತ್ತಿತ್ತು, ಗುಂಡಿ ಹಾಕಲು ಹೋದರೆ ರವಿಕೆ ಗೆಲ್ಲುತ್ತಿತ್ತು. ಹೆಬ್ಬೆರಳಿನ ಬುಡದ ಮಾಂಸದ ದಿಬ್ಬ ದಿನದಿನಕ್ಕೆ ಇಳಿದು ಹಳ್ಳವಾಯಿತು.

“ಸ್ವಲ್ಪ ಊತ ಇದೆ. ಸ್ವಲ್ಪ ದಿನ ನೋಡೋಣ. ಸ್ವಲ್ಪ ವ್ಯಾಯಾಮ ಮಾಡಿ,” ಎಂದರು ಸರ್ಜನ್. ಮೆಲುಮಾತಿನ, ಸಭ್ಯ ಮನುಷ್ಯ. ಮನೆಯಲ್ಲಿ ಅವರಿಗೆ ಸ್ವಲ್ಪ ಡಾಕ್ಟ್ರು ಎಂದೇ ಹೆಸರಾಯಿತು. ಸ್ವಲ್ಪ ದಿನ ಸ್ವಲ್ಪ ತಿಂಗಳಾದ ಮೇಲೆ ಅಕ್ಕ ಇನ್ನೊಬ್ಬ ಡಾಕ್ಟರ ಹತ್ತಿರ ಹೋದಳು. ಅವರು ಕೈಗೆ ತಂತಿ ಅಂಟಿಸಿ, ಕರೆಂಟು ಕೊಟ್ಟು, ಪರದೆಯ ಮೇಲಿನ ಚಪ್ಪಟೆ ಗೆರೆ ನೋಡಿ, “ಹೆಬ್ಬೆರಳಿಗೆ ಹೋಗೋ ಸಣ್ಣ ಕವಲು ಒಂದಿದೆಯಮ್ಮ. ಕಡಿದ ಹಾಗಿದೆ. ನಮ್ಮೊಳಗೆ ಇದನ್ನ ವಕೀಲರ ನರ ಅಂತೀವಿ,” ಎಂದರು. ಯಾಕೆ ಹಾಗಂತೀರಿ ಎಂದು ಅಕ್ಕ ಕೇಳಲಿಲ್ಲ. ಅದನ್ನು ಕಡಿದರೆ ಕೇಸು ಖಂಡಿತ ಎಂಬುದನ್ನು ಕೋರ್ಟಿನವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೂ ಅವಳು ತಕ್ಷಣ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ದಿನವೂ ಹತ್ತುವ ಮೆಟ್ಟಿಲೇ ಅದು, ಅದರಲ್ಲಿ ಅವಳಿಗೆ ಹೊಸದೇನಿದೆ? ಆಗ ಅವಳನ್ನು ಕೋರ್ಟ್ ಹಾಲಿನಿಂದ ಎಬ್ಬಿಸಿ ನಕಲು ವಿಭಾಗದ ಕಿಟಕಿಯ ಹಿಂದೆ ಕೂರಿಸಿದ್ದರು. ಎಡಗೈಯಲ್ಲಿ ಮುದ್ರೆ ಒತ್ತುವ ಕೆಲಸ. ಅವಳು ಆಸ್ಪತ್ರೆಗೆ ಹೋಗಿ ಕೇಳಿದ್ದು ಇಷ್ಟೇ: ಆ ಬಟ್ಟೆಯ ಆಚೆ ಏನಾಯಿತು?

ಆಸ್ಪತ್ರೆ ಉತ್ತರ ಕೊಟ್ಟಿತು. ಏನೂ ಆಗಲಿಲ್ಲ. ಆ ನರ ಆಪರೇಷನ್ನಿಗೆ ಮೊದಲೇ ಸತ್ತಿತ್ತು. ಅಷ್ಟು ವರ್ಷ ಬಿಡದೆ ಬರೆದರೆ ಮತ್ತೇನಾಗುತ್ತದೆ?

ಅಕ್ಕ ಆ ದಿನ ಮನೆಗೆ ಬಂದು ಚೀಲವನ್ನು ಮೇಜಿನ ಮೇಲೆ ಎಸೆದಳು.

“ನನ್ನ ಪೆನ್ನೇ ನನ್ನ ಕೈ ತಿಂದಿದೆಯಂತೆ ರೀ!”

“ಕೈ ಕೈಕೊಡೋದು ಕೇಳಿದ್ದೆ,” ಎಂದರು ಮೇಷ್ಟ್ರು. “ಪೆನ್ನು ಕೈಕೊಡೋದು ಇವತ್ತೇ ಕೇಳ್ತಿರೋದು.”

“ತಮಾಷೆ ಸಾಕು. ಮುಂಚೇನೇ ಸತ್ತಿದ್ರೆ ಅಯ್ಯೋ ಅಂದಿದ್ದು ಯಾಕೆ? ಸತ್ತಿರೋದನ್ನ ಕೊಯ್ದ್ರೆ ಯಾರಾದ್ರೂ ಅಯ್ಯೋ ಅಂತಾರಾ?”

ಹೀಗೆ ಅಕ್ಕ ದಾವೆ ಹೂಡಿದಳು. ಪೆನ್ನು ಕೊಂದಿತೋ ಕತ್ತಿ ಕೊಂದಿತೋ, ಅದೊಂದು ಗೊತ್ತಾಗಬೇಕಿತ್ತು ಅವಳಿಗೆ. ಗೊತ್ತಾಗದೆ ಹೋದರೆ ಆ ಕಿಟಕಿಯ ಹಿಂದೆ ಕೂತು ಮುದ್ರೆ ಒತ್ತುತ್ತ, ಬದುಕಿಡೀ ಪ್ರೀತಿಸಿದ ಕೆಲಸವನ್ನೇ ಶಪಿಸುತ್ತ ಮುದುಕಿಯಾಗಬೇಕಿತ್ತು.

ವಕೀಲೆಯಾಗಿ ಸಿಕ್ಕವಳು ಎಕ್ಸ್‌ಪ್ರೆಸ್. ನಿಲ್ದಾಣದಲ್ಲಿ ನಿಲ್ಲದ ರೈಲಿನಂತೆ ಮಾತಾಡುವ ಈ ಹುಡುಗಿಗೆ ಆ ಹೆಸರಿಟ್ಟವಳೇ ಅಕ್ಕ. ಎಕ್ಸ್‌ಪ್ರೆಸ್ ಹೊಸದಾಗಿ ಕೋರ್ಟಿಗೆ ಬಂದ ಕಾಲದಲ್ಲಿ ಅಕ್ಕನ ಎಡಗೈ ಎಷ್ಟು ಸಲ ಎದ್ದಿತ್ತೆಂದರೆ, ಅವಳ ವಾದದ ಅರ್ಧ ಭಾಗವನ್ನು ಜಡ್ಜರು ಆ ಕೈಬೆರಳುಗಳ ಸಂದಿನಿಂದಲೇ ನೋಡಿದ್ದರು.

“ಅಕ್ಕಾ, ಫೀಸಿನ ಮಾತೆತ್ತಿದ್ರೆ ನಾನು ಎದ್ದು ಹೋಗ್ತೀನಿ,” ಎಂದಳು ಎಕ್ಸ್‌ಪ್ರೆಸ್, ಇನ್ನೂ ಕೂರುವ ಮೊದಲೇ. “ಈಗ ಕೇಳಿ. ಮೊದಲೇ ನರದ ಪರೀಕ್ಷೆ ಮಾಡಿಸಿದ್ರೆ ಸತ್ತಿತ್ತೋ ಬದುಕಿತ್ತೋ ಗೊತ್ತಾಗ್ತಿತ್ತು, ಅವರು ಮಾಡಿಸಿಲ್ಲ, ಅದು ಅವರ ತಪ್ಪು. ಆದ್ರೆ ಕೈಯಿಂದ ಲೋಟ ಜಾರ್ತಿತ್ತು ಅಂತ ನೀವೇ ಅವರಿಗೆ ಹೇಳಿದೀರಿ, ಅದನ್ನ ಹಿಡ್ಕೊಂಡಿದಾರೆ, ಅದು ನಮ್ಮ ಗ್ರಹಚಾರ. ಅವರು ಸತ್ತಿತ್ತು ಅಂತಾರೆ, ನಾವು ಬದುಕಿತ್ತು ಅಂತೀವಿ. ನಮ್ಮ ಕಡೆ ಏನಿದೆ?”

“ಅಯ್ಯೋ ಇದೆ.”

“ಅದನ್ನ ಯಾರು ಅಂದಿದ್ದು?”

“ಇನ್ಯಾರು? ಡಾಕ್ಟ್ರೇ.”

“ಅವರ ದನೀನೇನಾ? ಖಂಡಿತ?”

ಅಕ್ಕ ಯೋಚಿಸಿದಳು. ಪ್ರಮಾಣ ಮಾಡಿ ಸುಳ್ಳು ಹೇಳುವವರನ್ನು ದಿನವಿಡೀ ನೋಡಿದವಳಿಗೆ ಪ್ರಮಾಣವಿಲ್ಲದೆಯೂ ಸುಳ್ಳು ಹೇಳಲು ಬಾರದು. “ಮಂಪರಿತ್ತು. ಗಂಡು ದನಿಯೋ ಹೆಣ್ಣು ದನಿಯೋ ಹೇಳಲಾರೆ. ತುಂಬಾ ಹತ್ತಿರದಿಂದ ಬಂತು. ಕಿವಿ ಪಕ್ಕದಲ್ಲೇ. ಬಗ್ಗಿದ್ರು ಅಂತ ಕಾಣುತ್ತೆ.”

“ಉದ್ದ ಇತ್ತಾ, ಮೊಟಕಾ?”

“ಅದೇ ಯೋಚ್ನೆ ಮಾಡ್ತಿದೀನಿ ನಾನೂ,” ಎಂದಳು ಅಕ್ಕ. ಅವಳ ಕಣ್ಣಲ್ಲಿ ಬಹಳ ದಿನಗಳಿಂದ ಕಾಣದಿದ್ದ ಬೆಳಕು ಕಂಡಿತು.

ಅಲ್ಲಿಂದ ಮನೆಯಲ್ಲಿ ಅಯ್ಯೋ ಸಂಶೋಧನೆ ಶುರುವಾಯಿತು. ಹಾಲು ಉಕ್ಕಿದಾಗಿನ ಅಯ್ಯೋ ಗಿಡ್ಡ, ತಕ್ಷಣ ಕಾಲು ಕೀಳುತ್ತದೆ. ಬಸ್ಸು ತಪ್ಪಿದಾಗಿನದ್ದು ಕೊನೆಯಲ್ಲಿ ಬಗ್ಗುತ್ತದೆ. ಯಾರೋ ತೀರಿಕೊಂಡ ಸುದ್ದಿಗೆ ಬರುವುದು ಮೊದಲು ಉಸಿರನ್ನು ಒಳಗೆ ಎಳೆದುಕೊಂಡು ಆಮೇಲೆ ಹೊರಡುತ್ತದೆ. ಎದುರುಮನೆಯವರ ಮಗಳಿಗೆ ದೊಡ್ಡ ಕೆಲಸ ಸಿಕ್ಕಿತು ಎಂದಾಗ ಬರುವ “ಅಯ್ಯೋ, ಒಳ್ಳೇದಾಯ್ತು ಬಿಡಿ”ಯಲ್ಲಿ ಅಯ್ಯೋ ಮಾತ್ರ ನಿಜ. ಅಕ್ಕ ಕಿವಿ ನಿಮಿರಿಸಿಕೊಂಡು ಬೀದಿ, ಅಂಗಡಿ, ಕೋರ್ಟಿನ ಕಾರಿಡಾರು ಎಲ್ಲವನ್ನೂ ಸುತ್ತಿದಳು. ಮೇಷ್ಟ್ರು ಕುರ್ಚಿಯ ಕಾಲಿಗೆ ಹೆಬ್ಬೆಟ್ಟು ಎಡವಿ ಕುಣಿದಾಡಿದರೆ ಮುಲಾಮು ತರುವ ಬದಲು “ಇನ್ನೊಂದ್ಸಲ ಅನ್ನಿ” ಎಂದಳು.

“ಇನ್ನೊಂದ್ಸಲ ಅನ್ನೋಕೆ ಇನ್ನೊಂದ್ಸಲ ಎಡವಬೇಕಲ್ಲೇ!”

ಸಂಶೋಧನೆಗೆ ನಿಜವಾದ ಗಣಿಯೆಂದರೆ ತಂಗಿ. ಅವಳಿಗೆ ಅಯ್ಯೋ ಇಲ್ಲದೆ ವಾಕ್ಯವೇ ಸ್ಟಾರ್ಟ್ ಆಗುತ್ತಿರಲಿಲ್ಲ.

“ಅಯ್ಯೋ ಅಕ್ಕಾ, ಬಿಸಿಲು ನೋಡೆ,” ಎನ್ನುತ್ತ ಒಂದು ಮಧ್ಯಾಹ್ನ ಒಳಗೆ ಬಂದಳು. “ಅಯ್ಯೋ, ಭಾವ ಯಾಕೆ ಕುಂಟ್ತಿದಾರೆ? ಅಯ್ಯೋ, ನಗು ಬರುತ್ತಪ್ಪ.”

“ಮೂರಾಯ್ತು,” ಎಂದರು ಮೇಷ್ಟ್ರು. “ಮೂರೂ ಬೇರೆ ಬೇರೆ ತಳಿ.”

ಅಕ್ಕ ಅವಳನ್ನು ಸೋಫಾದ ಮೇಲೆ ಮಲಗಿಸಿ, ತಲೆಯ ಹತ್ತಿರ ಬಾಗಿಲ ಪರದೆ ಎಳೆದು, ಆಚೆಯಿಂದ ಮೇಷ್ಟ್ರ ಕೈಲಿ ಅಯ್ಯೋ ಹೇಳಿಸಿದಳು. ಆಮೇಲೆ ತಾನು ಮಲಗಿ ತಂಗಿಯ ಕೈಲಿ ಹೇಳಿಸಿದಳು. ದೂರದಿಂದ, ಹತ್ತಿರದಿಂದ, ಬಗ್ಗಿ, ನಿಂತು. ಕೊನೆಗೆ ಎದ್ದು ಕೂತು ತೀರ್ಪು ಕೊಟ್ಟಳು: “ದೀರ್ಘ ಇತ್ತು. ತಪ್ಪು ಮಾಡಿ ನುಂಗಿಕೊಂಡ ಅಯ್ಯೋ ಅಲ್ಲ ಅದು. ಅದಾದ್ರೆ ಗಿಡ್ಡಕ್ಕೆ ನಿಂತುಹೋಗುತ್ತೆ. ಇದು ಪೂರ್ತಿ ಬಂದಿತ್ತು. ನೋವಿಂದು.”

“ನಿನ್ನ ಕೈ ಕೊಯ್ದ್ರೆ ಡಾಕ್ಟ್ರಿಗೆ ಯಾಕೇ ನೋವಾಗುತ್ತೆ?” ಎಂದಳು ತಂಗಿ.

ಅಕ್ಕ ಎದ್ದು ಪರದೆಯನ್ನು ಪಕ್ಕಕ್ಕೆ ಸರಿಸಿದಳು.

“ಅಂದ ಹಾಗೆ,” ಎಂದರು ಮೇಷ್ಟ್ರು, “ಎಲ್ಲರದ್ದೂ ಆಯ್ತು. ನಿಂದೊಂದು ಆಗಲಿಲ್ವಲ್ಲ?”

“ನಂದು ಯಾತಕ್ಕೆ? ನಾನು ಕೇಳಿಸ್ಕೊಂಡವಳು.”

“ಅಯ್ಯೋ ಹೌದಲ್ವಾ ಭಾವ,” ತಂಗಿ ಎದ್ದು ಕೂತಳು. “ಇವಳು ಅಯ್ಯೋ ಅಂದಿದ್ದು ನಾನು ಹುಟ್ಟಿದ ಮೇಲೆ ಕೇಳೇ ಇಲ್ಲ. ಬಾಗಿಲಿಗೆ ಬೆರಳು ಸಿಕ್ಕಾಗ್ಲೂ ತುಟಿ ಕಚ್ಕೊಂಡು ನಿಂತಿದ್ಳು.”

“ಬಾಯಿ ಬಿಟ್ರೆ ಎದುರಿನವರು ಹೇಳಿದ್ದು ತಪ್ಪಿಹೋಗುತ್ತೆ,” ಎಂದಳು ಅಕ್ಕ, ಅದು ಲೋಕಕ್ಕೆಲ್ಲ ಗೊತ್ತಿರುವ ವಿಷಯ ಎಂಬಂತೆ.

ವಿಚಾರಣೆ ನಡೆದದ್ದು ವೈದ್ಯಕೀಯ ದೂರುಗಳನ್ನು ಕೇಳಲೆಂದೇ ಇದ್ದ ಒಂದು ಚಿಕ್ಕ ನ್ಯಾಯಮಂಡಳಿಯಲ್ಲಿ. ಉದ್ದನೆಯ ಮೇಜು, ಕುಂಟುವ ಕುರ್ಚಿಗಳು, ಕಿಟಕಿಯಾಚೆ ಯಾರದೋ ಕಾರು ಹಿಂದಕ್ಕೆ ಬರುವ ಪೀಂ ಪೀಂ. ಅಧ್ಯಕ್ಷರು ನಿವೃತ್ತ ಜಡ್ಜು. ಕೆನ್ನೆಯೊಳಗೆ ಸದಾ ಒಂದು ಪೆಪ್ಪರಮಿಂಟು. ಅವರ ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಟೈಪಿಸ್ಟ್ ಹುಡುಗಿ. ಅಕ್ಕ ಮೊದಲು ನೋಡಿದ್ದು ಅವಳ ಬೆರಳುಗಳನ್ನು. ಚುರುಕಾಗಿದ್ದವು. ಹೆಬ್ಬೆರಳು ಸ್ಪೇಸ್ ಒತ್ತಿ ಒತ್ತಿ ಏಳುವುದನ್ನು ನೋಡಿ ಅಕ್ಕ ಒಮ್ಮೆ ಬೇರೆ ಕಡೆ ಕಣ್ಣು ಹೊರಳಿಸಿದಳು.

ಎದುರಿಗೆ ಸ್ವಲ್ಪ ಡಾಕ್ಟ್ರು, ಅವರ ಪಕ್ಕದಲ್ಲಿ ಆಸ್ಪತ್ರೆಯ ವಕೀಲರು. ವಕೀಲರದ್ದು ತೂಕದ ಆಳು, ತೂಕದ ಮಾತು. ತಮ್ಮ ಕಕ್ಷಿದಾರರು ಬಂದದ್ದೇ ಒಂದು ಉಪಕಾರ ಎಂಬ ಮುಖ ಮಾಡಿ ಕೂತಿದ್ದರು.

ಎಕ್ಸ್‌ಪ್ರೆಸ್ ಎದ್ದಳು. ರಾತ್ರಿಯೆಲ್ಲ ಕನ್ನಡಿಯ ಮುಂದೆ ನಿಂತು ನಿಧಾನವಾಗಿ ಮಾತಾಡುವ ಅಭ್ಯಾಸ ಮಾಡಿದ್ದಳು. ಎದ್ದು ನಿಂತ ಕೂಡಲೇ ಅದು ಗಾಳಿಗೆ ಹೋಯಿತು.

“ಡಾಕ್ಟ್ರೇ ಆಪರೇಷನ್ ಮಧ್ಯೆ ನೀವು ಅಯ್ಯೋ ಅಂದಿದ್ದು ಹೌದೋ ಅಲ್ವೋ ಹೌದಾದ್ರೆ ಏನು ನೋಡಿ ಅಂದ್ರಿ ಅದನ್ನ ಟಿಪ್ಪಣೀಲಿ ಯಾಕೆ ಬರೀಲಿಲ್ಲ ಅಲ್ಲ ಅನ್ನೋದಾದ್ರೆ ನನ್ನ ಕಕ್ಷಿದಾರರು—”

“ಆಕ್ಷೇಪಣೆ,” ಎಂದರು ಆಸ್ಪತ್ರೆಯ ವಕೀಲರು. “ಅಯ್ಯೋ ಅನ್ನೋದು ಹೇಳಿಕೆ ಅಲ್ಲ, ಶಬ್ದ. ಆಕಳಿಕೆಗೂ ಸಾಕ್ಷಿ ಕೇಳ್ತಾರಾ?”

“ನಾನು ಅಂದೇ ಇಲ್ಲ!” ಸ್ವಲ್ಪ ಡಾಕ್ಟ್ರು ಕೆಂಪಾದರು. ಅವರ ಬಾಯಿಂದ ಸ್ವಲ್ಪವಿಲ್ಲದೆ ಬಂದ ಮೊದಲ ವಾಕ್ಯ ಅದು. “ನನ್ನ ಥಿಯೇಟರಲ್ಲಿ ಆ ಮಾತಿಗೆ ಜಾಗಾನೇ ಇಲ್ಲ. ಜೂನಿಯರ್‌ಗಳು ಯಾರಾದ್ರೂ ಹಾಗಂದ್ರೆ ಅಲ್ಲಿಂದಾನೇ ಆಚೆ ಕಳಿಸ್ತೀನಿ!”

ಮೂವರೂ ಒಟ್ಟಿಗೆ ಮಾತಾಡತೊಡಗಿದರು. ಟೈಪಿಸ್ಟ್ ಹುಡುಗಿ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಹಾರಿಸುತ್ತ ಪರದಾಡಿದಳು. ಅವಳ ಬೆರಳುಗಳು ಗಾಳಿಯಲ್ಲಿ ನಿಂತವು. ಅದನ್ನು ನೋಡಲಾರದೆ ಅಕ್ಕನ ಎಡಗೈ ತಾನಾಗಿಯೇ ಮೇಲೆದ್ದಿತು.

ಕೋಣೆ ನಿಂತಿತು. ಎಕ್ಸ್‌ಪ್ರೆಸ್ಸಂತೂ ಹಳೆಯ ಭಯಕ್ಕೆ ಅರ್ಧ ಅಕ್ಷರದಲ್ಲೇ ಬಾಯಿ ಮುಚ್ಚಿದಳು. ಅಧ್ಯಕ್ಷರ ಪೆಪ್ಪರಮಿಂಟು ಈ ಕೆನ್ನೆಯಿಂದ ಆ ಕೆನ್ನೆಗೆ ಹೋಯಿತು. ಹುಡುಗಿ ಕೃತಜ್ಞತೆಯಿಂದ ಟಕಟಕ ಬರೆದು ಮುಗಿಸಿ ತಲೆಯಾಡಿಸಿದಳು. ಅಕ್ಕ ಕೈ ಇಳಿಸಿದಳು.

“ಮುಂದುವರೀಲಿ.”

“ಇದೇ!”

ಎಲ್ಲರೂ ತಿರುಗಿ ನೋಡಿದರು. ಸ್ವಲ್ಪ ಡಾಕ್ಟ್ರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಮುಖದಲ್ಲಿ ಕೋಪ ಇಳಿದು, ಬಹಳ ದಿನದಿಂದ ಬಿಡಿಸಲಾಗದ ಒಗಟೊಂದು ಎದುರಿಗೇ ಬಿಚ್ಚಿಕೊಂಡವರ ಸಂತೋಷ.

“ಆವತ್ತೂ ಹೀಗೇ ಮಾಡಿದ್ರು! ಇದೇ ಕೈ, ಇದೇ ಮಾತು! ಎಷ್ಟು ದಿನ ಯೋಚ್ನೆ ಮಾಡಿದೀನಿ ಗೊತ್ತಾ ನಾನು, ಯಾಕೆ ಹಾಗಂದ್ರು ಅಂತ?”

ಆಸ್ಪತ್ರೆಯ ವಕೀಲರು ಕೆಮ್ಮಿದರು. ದೊಡ್ಡ ಕೆಮ್ಮು. ಕೆಮ್ಮುಗಳು ದಾಖಲಾಗುವುದಿಲ್ಲ.

ಎಕ್ಸ್‌ಪ್ರೆಸ್ ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಪ್ಯಾಸೆಂಜರ್ ಗಾಡಿಯಾದಳು. “ಆವತ್ತು… ಏನಾಯ್ತು… ಡಾಕ್ಟ್ರೇ? ಸ್ವಲ್ಪ ಹೇಳಿ.”

“ಏನಿಲ್ಲ. ಒತ್ತಿದ ನರ ಬಿಡಿಸ್ತಾ ಇದ್ದೆ. ಅಷ್ಟರಲ್ಲಿ ಹೆಬ್ಬೆರಳು ಟಕ್ ಅಂತ ಎಗರಿತು. ಮರಗಟ್ಟೋ ಸೂಜಿ ಸ್ವಲ್ಪ ಕಮ್ಮಿ ಬಿದ್ದಿತ್ತೇನೋ, ಅಯ್ಯೋ ಅಂದ್ರು ಇವರು. ಇವರೇ! ನಾನಲ್ಲ. ಅದನ್ನೇ ತಾನೇ ಹೇಳ್ತಿರೋದು ನಾನು. ಅಯ್ಯೋ ಅಂದು ಎಡಗೈ ಎತ್ತಿದ್ರು, ಈಗ ಎತ್ತಿದ ಹಾಗೇ. ಸಿಸ್ಟರ್ ಕೈ ಹಿಡಿದು ಕೆಳಗಿಟ್ರು. ಇಟ್ಟ ತಕ್ಷಣ ಇವರೇ ಮುಂದುವರೀಲಿ ಅಂದ್ರು. ಸ್ಪಷ್ಟವಾಗಿ ಅಂದ್ರು. ನಾನು ಮುಂದುವರಿದೆ.”

ಕಿಟಕಿಯಾಚೆ ಪೀಂ ಪೀಂ ನಿಂತಿತು. ಅಕ್ಕ ತನ್ನ ಎಡಗೈಯನ್ನು ನೋಡಿಕೊಂಡಳು.

ಆಸ್ಪತ್ರೆಯ ವಕೀಲರು ಬಲು ಬೇಗ ಸಾವರಿಸಿಕೊಂಡರು. ಮುಳುಗುವವನಿಗೆ ಸಿಕ್ಕ ಹಲಗೆ ಕೊನೆಯ ಮಾತೇ ಆಗಿತ್ತು. “ಗಮನಿಸಬೇಕು ಸ್ವಾಮಿ. ರೋಗಿಯೇ ಮುಂದುವರೀಲಿ ಅಂತ ಒಪ್ಪಿಗೆ ಕೊಟ್ಟಿದಾರೆ. ತಾಯೀ, ಆ ಮಾತು ನಿಮ್ದೇನಾ? ಅಂದಿದ್ರಾ, ಇಲ್ವಾ?”

ಮೇಜಿನ ಕೆಳಗೆ ಎಕ್ಸ್‌ಪ್ರೆಸ್ಸಿನ ಚಪ್ಪಲಿ ಅಕ್ಕನ ಪಾದವನ್ನು ಒತ್ತಿತು. ಅದರ ಅರ್ಥ ಸ್ಪಷ್ಟವಿತ್ತು: ನೆನಪಿಲ್ಲ ಅನ್ನಿ. ಅದು ಸುಳ್ಳೂ ಆಗುತ್ತಿರಲಿಲ್ಲ. ನೆನಪಿರಲೇ ಇಲ್ಲವಲ್ಲ.

ಅಕ್ಕ ಕಿವಿಯೊಳಗಿನ ಆ ಅಯ್ಯೋವನ್ನು ಇನ್ನೊಮ್ಮೆ ಕೇಳಿಸಿಕೊಂಡಳು. ಅಷ್ಟು ಹತ್ತಿರ. ಅಷ್ಟು ದೀರ್ಘ. ನೋವಿನದು. ಊರಿನವರದ್ದೆಲ್ಲ ಕೇಳಿದ್ದಳು, ತನ್ನದೊಂದನ್ನು ಬಿಟ್ಟು. ಅದನ್ನು ಗುರುತು ಹಿಡಿಯಬೇಕೆಂದರೆ ಮೊದಲು ಒಮ್ಮೆಯಾದರೂ ಕೇಳಿರಬೇಕಲ್ಲ? ಯಾವ ಮಾತು ಕೇಳಿದರೂ ಅದು ಬೇರೆಯವರದೇ ಎಂದು ಬರೆದುಕೊಳ್ಳುವ ಕೈಗೆ, ಇದನ್ನೂ ಡಾಕ್ಟರ ಹೆಸರಿಗೆ ಬರೆಯುವುದು ಬಿಟ್ಟು ಬೇರೆ ದಾರಿ ಹೊಳೆದಿರಲಿಲ್ಲ. ಅವಳಿಗೆ ನಗು ಬಂತು.

“ನಂದೇ,” ಎಂದಳು.

ಚಪ್ಪಲಿ ಹತಾಶವಾಗಿ ಹಿಂದೆ ಸರಿಯಿತು.

“ನಂದೇ ಆಗಿರಬೇಕು. ಆಪರೇಷನ್ ಟೇಬಲ್ ಮೇಲೆ ಮಲಗಿ ಮುಂದುವರೀಲಿ ಅನ್ನೋ ಹುಚ್ಚಿ ಈ ಊರಲ್ಲಿ ನಾನೊಬ್ಳೇ. ಡಾಕ್ಟ್ರು ಕಟ್ಟಿ ಹೇಳೋಣ ಅಂದ್ರೂ ಅದನ್ನ ಕಟ್ಟೋಕಾಗಲ್ಲ. ಆದ್ರೆ ಸ್ವಾಮಿ, ನಾನು ಕೈ ಎತ್ತಿದ್ರೆ ನಿಲ್ಲಿ ಅಂತ. ಕೈ ಇಳಿದ್ರೆ ಬಾಯಿ ತಾನಾಗೇ ಮುಂದುವರೀಲಿ ಅನ್ನುತ್ತೆ. ಕೈ ನಾನಾಗಿ ಇಳಿಸಿದ್ನಾ, ಬೇರೆಯವರು ಹಿಡಿದು ಇಳಿಸಿದ್ರಾ ಅಂತ ಪಾಪ ಬಾಯಿಗೆ ಹೇಗೆ ಗೊತ್ತಾಗ್ಬೇಕು?”

ಅಧ್ಯಕ್ಷರು ಪೆಪ್ಪರಮಿಂಟನ್ನು ಕಡಿದರು. ಕಟಕ್ ಎಂದಿತು.

“ಇನ್ನೂ ಒಂದು,” ಎಂದಳು ಅಕ್ಕ. “ಆ ಮಾತು ನಂದಾದ್ರೆ, ಅದರ ಹಿಂದಿನ ಅಯ್ಯೋನೂ ನಂದೇ. ಇಷ್ಟು ದಿನ ಡಾಕ್ಟ್ರ ತಲೆಗೆ ಕಟ್ಟಿದ್ದೆ, ತಪ್ಪಾಯ್ತು.”

ಆಸ್ಪತ್ರೆಯ ವಕೀಲರು ಗೆದ್ದವರಂತೆ ನಗಲು ತುಟಿ ಅಗಲಿಸಿದರು. ಆದರೆ ಎಕ್ಸ್‌ಪ್ರೆಸ್ ಇನ್ನೂ ನಿಂತೇ ಇದ್ದಳು, ಇನ್ನೂ ನಿಧಾನವಾಗಿಯೇ ಇದ್ದಳು.

“ಡಾಕ್ಟ್ರೇ, ಹೆಬ್ಬೆರಳು ಎಗರಿತು ಅಂದ್ರಲ್ಲ. ನೀವು ಮುಟ್ಟಿದ್ದಕ್ಕೆ ಎಗರಿತಾ?”

“ಹೌದು. ಕವಲಿಗೆ ಸ್ವಲ್ಪ ತಾಗಿದ್ರೂ ಎಗರುತ್ತೆ.”

“ಸತ್ತ ನರ ಎಗರಿಸುತ್ತಾ?”

ತುಟಿ ಅಗಲಿಸಿದ್ದ ವಕೀಲರು ಅದನ್ನು ಹಾಗೆಯೇ ಬಿಟ್ಟು ಕಣ್ಣು ಮುಚ್ಚಿದರು. ಸ್ವಲ್ಪ ಡಾಕ್ಟ್ರು ಉತ್ತರಿಸಲು ಬಾಯಿ ತೆರೆದು, ಎದುರಿಗೆ ಮೇಜಿನ ಮೇಲೆ ಮಲಗಿದ್ದ ಅಕ್ಕನ ಬಲಗೈಯನ್ನು ನೋಡಿದರು. ಹೆಬ್ಬೆರಳಿನ ಬುಡದ ಹಳ್ಳವನ್ನು ನೋಡಿದರು. ಆಪರೇಷನ್ ಆದ ಮೇಲೆ ಅಷ್ಟು ಹೊತ್ತು ಅದನ್ನು ನೋಡಿದ್ದು ಅದೇ ಮೊದಲಿರಬೇಕು. ಎಷ್ಟಾದರೂ ಸಭ್ಯ ಮನುಷ್ಯ.

“ಇಲ್ಲ,” ಎಂದರು. “ಎಗರಿಸಲ್ಲ. ಆಗ ಬದುಕಿತ್ತು.”

ಅಕ್ಕ ಬೆನ್ನನ್ನು ಕುರ್ಚಿಗೆ ಒರಗಿಸಿದಳು. ಬಂದಾಗಿನಿಂದ ಒರಗಿರಲಿಲ್ಲ. ಹಾಗಾದರೆ ಪೆನ್ನು ಏನೂ ಮಾಡಿರಲಿಲ್ಲ. ಪಾಪದ ಪೆನ್ನು.

“ಸ್ವಾಮಿ, ಕಕ್ಷಿದಾರರ ಜೊತೆ ಒಂದ್ನಿಮಿಷ ಮಾತಾಡ್ಕೊಂಡು ಬರ್ತೀವಿ,” ಎಂದರು ಆಸ್ಪತ್ರೆಯ ವಕೀಲರು ಕಣ್ಣು ಬಿಟ್ಟು. ದನಿಯ ತೂಕ ಅರ್ಧಕ್ಕೆ ಇಳಿದಿತ್ತು. ಇಂಥ ಒಂದು ನಿಮಿಷ ಮಾತಾಡಿಕೊಂಡು ಬಂದವರು ಸಾಮಾನ್ಯವಾಗಿ ರಾಜಿಗೆ ಎಷ್ಟು ಎಂದು ಕೇಳುತ್ತಾರೆಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಕ್ಸ್‌ಪ್ರೆಸ್ಸಿನ ಚಪ್ಪಲಿ ಮತ್ತೆ ಬಂದು ಅಕ್ಕನ ಪಾದವನ್ನು ಒತ್ತಿತು. ಈ ಸಲ ಬೇರೆ ಭಾಷೆಯಲ್ಲಿ.

“ಮಾತಾಡಿ, ಮಾತಾಡಿ. ಮೊದಲು ಇದು ದಾಖಲಾಗಲಿ,” ಎಂದ ಅಧ್ಯಕ್ಷರು ಹುಡುಗಿಯ ಕಡೆ ತಿರುಗಿ, ಪೀಠದ ಭಾಷೆಗೆ ಬದಲಾದರು. “ಬರ್ಕೊಳ್ಳಮ್ಮ. ‘ಶಸ್ತ್ರಚಿಕಿತ್ಸೆಯ ಸಮಯದಲ್ಲಿ ನರಕ್ಕೆ ಉಪಕರಣವು ತಾಗಿ ಹೆಬ್ಬೆರಳು ಚಲಿಸಿತು. ಆಗ ರೋಗಿಯು ನೋವನ್ನು ವ್ಯಕ್ತಪಡಿಸಿದರು—’”

ಎಡಗೈ ಎದ್ದಿತು.

“ಏನಮ್ಮ?”

“ನೋವನ್ನು ವ್ಯಕ್ತಪಡಿಸಿಲ್ಲ ಸ್ವಾಮಿ. ಅಯ್ಯೋ ಅಂದೆ.”

“ಎರಡೂ ಒಂದೇ ಅಲ್ವೇನಮ್ಮ?”

“ಅಲ್ಲ ಸ್ವಾಮಿ. ಒಂದೇ ಅಂದ್ಕೊಂಡು ನಾನೂ ಎಷ್ಟೋ ಜನರದ್ದು ಬರೀದೇ ಬಿಟ್ಟಿದೀನಿ. ಇದೊಂದು ಇರಲಿ.”

ಅಧ್ಯಕ್ಷರು ಹೊಸ ಪೆಪ್ಪರಮಿಂಟೊಂದನ್ನು ಬಾಯಿಗೆ ಹಾಕಿಕೊಂಡು, ಹುಡುಗಿಗೆ ತಲೆಯಾಡಿಸಿದರು. ಹುಡುಗಿ ಒತ್ತಿದಳು. ಅಕ್ಕ ಎದ್ದು, ಮೇಜನ್ನು ಬಳಸಿ ಬಂದು, ಅವಳ ಹೆಗಲ ಮೇಲಿಂದ ಬಗ್ಗಿ ಪರದೆಯನ್ನು ನೋಡಿದಳು. ಕೈ ಇನ್ನೂ ಮೇಲೆಯೇ ಇತ್ತು.

‘ಆಗ ರೋಗಿಯು “ಅಯ್ಯೊ” ಎಂದರು.’

“ದೀರ್ಘ ಬಿಟ್ಟಿದೀಯಮ್ಮ.”

“ಎಲ್ಲಿ ಮೇಡಂ?”

“ಯೊ ಅಲ್ಲ, ಯೋ. ಹಾಲು ಉಕ್ಕಿದ್ದಲ್ಲ ಇದು.”

ಹುಡುಗಿ ನಕ್ಕು ಹಿಂದಕ್ಕೆ ಹೋಗಿ, ಅಳಿಸಿ, ದೀರ್ಘ ಕೊಟ್ಟಳು.

“ಆಯ್ತಾ?” ಎಂದರು ಅಧ್ಯಕ್ಷರು. “ಮುಂದುವರೀಬಹುದಾ?”

ಅಕ್ಕ ಇನ್ನೂ ಓದುತ್ತಿದ್ದಳು. ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಒಂದು ಸಲ ಓದಿದಳು, ಇನ್ನೊಂದು ಸಲ ತುಟಿ ಮಾತ್ರ ಆಡಿಸಿ, ದನಿಯಿಲ್ಲದೆ, ಅದರ ಉದ್ದ ಅಳೆಯುವವಳಂತೆ ಓದಿದಳು. ಎಡಗೈ ಎತ್ತಿದ್ದು ಎತ್ತಿದ ಹಾಗೆಯೇ ಇತ್ತು. ಕೋಣೆಯಲ್ಲಿದ್ದವರೆಲ್ಲ ಅದನ್ನೇ ನೋಡುತ್ತ ಕಾದು ಕೂತಿದ್ದರು. ಇಳಿಸಲು ಈ ಸಲ ಯಾರೂ ಬರಲಿಲ್ಲ.